ಹಲಸಿನ ಮಣೆಯ ಜೊತೆ ನಾಲ್ಕು ತಾಲ್ಲೂಕು

ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೊರಟವರು ಕೆ.ಆರ್. ನಗರದ ದಾರಿ ಹಿಡಿದರೆ ಯಾರೂ ಬುದ್ಧಿವಂತರು ಅನ್ನುವುದಿಲ್ಲ. ಹಂಪಾಪುರದ ಮೇಲೆ ನೇರ ರಸ್ತೆ ಇದೆ, ಐವತ್ತು ಕಿಲೋಮೀಟರ್ ಆಸುಪಾಸು. ಟೀ ಕುಡಿಯಲು ನಿಲ್ಲದಿದ್ದರೆ ಒಂದೂಕಾಲು ಗಂಟೆಯಲ್ಲಿ ಕೋಟೆ. ಕೆ.ಆರ್. ನಗರ ಇರುವುದು ಉತ್ತರಕ್ಕೆ, ಕೋಟೆ ದಕ್ಷಿಣಕ್ಕೆ. ಆದರೆ ನಾನೂ ಹೆಂಡತಿಯೂ ಹೊರಟಿದ್ದು ಕೋಟೆಯಲ್ಲಿ ಗೆಳೆಯನ ಮದುವೆಗೆ, ಅವನ ತಾಯಿಯ ತವರು ಕೆ.ಆರ್. ನಗರದ ಹತ್ತಿರದ ಹಳ್ಳಿ. ಮಗನ ಮದುವೆಯ ಅಕ್ಷತೆಗೂ ಮೊದಲ ಪಂಕ್ತಿಯ ಅನ್ನಕ್ಕೂ ತವರಿನ ಅಕ್ಕಿಯೇ ಆಗಬೇಕೆಂದು ಆಕೆ ಹಟ ಹಿಡಿದಿದ್ದರು. ಮೂಟೆ ತರುವ ಕೆಲಸ ನಮ್ಮ ಪಾಲಿಗೆ ಬಂತು. ಹಾಗೆ ಬಂದಿದ್ದಕ್ಕೆ ನಮಗೇನೂ ಬೇಸರವಾಗಲಿಲ್ಲ. ಮದುವೆ ಮಾರನೆಯ ದಿನ, ಕೈಯಲ್ಲಿ ಇಡೀ ಹಗಲು, ಕೆ.ಆರ್. ನಗರ, ಪಿರಿಯಾಪಟ್ಟಣ, ಹುಣಸೂರು ಬಳಸಿಕೊಂಡು ಸಂಜೆಗೆ ಕೋಟೆ ಸೇರಿದರಾಯಿತು.

ಹಿಂದಿನ ಸೀಟಿನಲ್ಲಿ ಹಳೆಯ ಬೆಡ್‌ಶೀಟು ಸುತ್ತಿಕೊಂಡು ಎರಡು ಹಲಸಿನ ಮಣೆ ಮಲಗಿದ್ದವು. ಮಾಡಿದವಳು ನನ್ನ ಹೆಂಡತಿ. ಶಾಲೆಯಲ್ಲಿ ಗಣಿತ ಹೇಳಿಕೊಡುವ ಅವಳಿಗೆ ಕೆಲವು ವರ್ಷಗಳಿಂದ ಮರಗೆಲಸದ ಹುಚ್ಚು. ಅಜ್ಜನ ಮನೆ ಕೆಡವಿದಾಗ ಅಟ್ಟಕ್ಕೆ ಹಾಸಿದ್ದ ಅಗಲದ ಹಲಗೆಗಳನ್ನು ಸೌದೆಗೆ ಹೋಗದಂತೆ ಕಾದು ತಂದಿಟ್ಟುಕೊಂಡಿದ್ದಳು. ಅದರಲ್ಲೇ ಈ ಜೋಡಿ. ಹಸೆಮಣೆಯ ಅಳತೆ, ಕೆಳಗೆ ಎರಡೆರಡು ಅಡ್ಡಪಟ್ಟಿ, ಕಚ್ಚು ಕಡಿದು ಕೂರಿಸಿದ್ದು, ಮೊಳೆಯಿಲ್ಲ. ಹಲಸಿನ ಮರ ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕಂದು. ಎಷ್ಟೋ ವರ್ಷ ಹೊಗೆ ಕುಡಿದಿದ್ದ ಆ ಹಲಗೆಯನ್ನು ಕೀಸುಳಿ ಹಾಕಿ ತೆಗೆದರೆ ಒಳಗಿನಿಂದ ಮತ್ತೆ ಹಳದಿ ಬಂತು. ಅವಳು ಪಾಲಿಶ್ ಹಾಕಿರಲಿಲ್ಲ. ಹಾಕಬೇಕೋ ಬೇಡವೋ ಎಂಬ ಚರ್ಚೆ ಮನೆಯಲ್ಲಿ ಬಗೆಹರಿಯದೆ ಕಾರಿಗೂ ಹತ್ತಿತ್ತು.

ನಮ್ಮ ಸೀಮೆಯಲ್ಲಿ ಮದುವೆಗೆ ಹೋಗುವುದೆಂದರೆ ಮುಯ್ಯಿ ಹಾಕುವುದು. ಛತ್ರದ ಬಾಗಿಲಲ್ಲೋ ಊಟದ ಹಾಲಿನ ಪಕ್ಕದಲ್ಲೋ ಒಂದು ಮೇಜು, ಉದ್ದನೆಯ ನೋಟ್‌ಬುಕ್ಕು, ಬರೆಯಲು ಒಬ್ಬ, ಎಣಿಸಲು ಒಬ್ಬ. ಹೆಸರು, ಊರು, ಮೊತ್ತ. ಆ ಪುಸ್ತಕವನ್ನು ಬೀರುವಿನಲ್ಲಿ ಜೋಪಾನವಾಗಿಟ್ಟು, ನಾಳೆ ಹಾಕಿದವರ ಮನೆಯಲ್ಲಿ ಮದುವೆಯಾದಾಗ ತೆಗೆದು ನೋಡಿ, ಅಷ್ಟಕ್ಕೆ ಒಂದಿಷ್ಟು ಸೇರಿಸಿ ಹಿಂದಿರುಗಿಸುತ್ತಾರೆ. ಬ್ಯಾಂಕು ಹಳ್ಳಿಗೆ ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ಮದುವೆಯ ಖರ್ಚು ಹೊರುತ್ತಿದ್ದ ವ್ಯವಸ್ಥೆ ಇದು. ಹಿಂದೆ ಅಕ್ಕಿ, ಬೆಲ್ಲ, ಬಾಳೆಗೊನೆಯೂ ಮುಯ್ಯಿಯಾಗಿ ಬರುತ್ತಿದ್ದವು. ಈಗ ಲಕೋಟೆ. ಕೈಯಾರೆ ಮಾಡಿದ ಮಣೆಯನ್ನು ಆ ಪುಸ್ತಕದ ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ ಎಂದು ಯಲವಾಲ ದಾಟುವಾಗ ಹೆಂಡತಿಯನ್ನು ಕೇಳಿದೆ. "ಬರೀದೇ ಇದ್ರೆ ಇನ್ನೂ ಒಳ್ಳೇದು, ವಾಪಸ್ ಕೊಡೋ ತಾಪತ್ರಯ ಇಲ್ಲ" ಅಂದಳು.

ಕೆ.ಆರ್. ನಗರಕ್ಕೆ ಹೊಸದಾಗಿ ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಅಗಲವಾದ ನೇರ ಬೀದಿಗಳು. ಹಳೆಯ ಊರು ಎಡತೊರೆ, ಕಾವೇರಿಯ ದಂಡೆಗೇ ಅಂಟಿಕೊಂಡಿತ್ತು. ಪ್ರವಾಹದ ಕಾಟ ತಾಳಲಾರದೆ 1920ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಎತ್ತರದ ಜಾಗದಲ್ಲಿ ನಕ್ಷೆ ಹಾಕಿ ಹೊಸ ಊರು ಕಟ್ಟಿದರು, ಅವರ ಹೆಸರನ್ನೇ ಇಟ್ಟರು. ಹಳೆ ಎಡತೊರೆಯಲ್ಲಿ ಅರ್ಕೇಶ್ವರನ ಗುಡಿ ಹೊಳೆಯ ಪಕ್ಕದಲ್ಲೇ ಉಳಿದಿದೆ. ಊರು ಕಿತ್ತು ಹೋದರೂ ದೇವರು ಜಾಗ ಬಿಡಲಿಲ್ಲ.

ಸುತ್ತಮುತ್ತ ಎಲ್ಲ ಗದ್ದೆ. ಕನ್ನಂಬಾಡಿಯ ಹಿನ್ನೀರು ಒಂದು ಕಡೆ, ಚಾಮರಾಜ ನಾಲೆಯ ನೀರು ಇನ್ನೊಂದು ಕಡೆ. ಭತ್ತದ ಕಣಜ ಎಂಬ ಹೆಸರನ್ನು ಊರಿನವರು ಹೇಳಿಕೊಳ್ಳುವುದೂ ಇಲ್ಲ, ಬೇರೆಯವರೇ ಹೇಳುತ್ತಾರೆ. ಫೆಬ್ರುವರಿ ಕೊನೆಯಾದ್ದರಿಂದ ಬಹುಪಾಲು ಗದ್ದೆ ಖಾಲಿ, ಕೂಳೆಯ ಮೇಲೆ ದನ ಮೇಯುತ್ತಿದ್ದವು. ತವರುಮನೆಯಲ್ಲಿ ಅಕ್ಕಿ ಸಿದ್ಧವಿತ್ತು. ಗೆಳೆಯನ ಸೋದರಮಾವ ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ನುಚ್ಚಿದೆಯೇ ಎಂದು ನಾನು ನೋಡಬೇಕಿತ್ತಂತೆ. ನನಗೇನು ಗೊತ್ತು? ಹೆಂಡತಿ ನಾಲ್ಕು ಕಾಳು ಹಲ್ಲಿನಲ್ಲಿ ಕಚ್ಚಿ ತಲೆಯಾಡಿಸಿದಳು. ಮೂಟೆ ಕಟ್ಟುವ ಮೊದಲು ಅವರು ಮೇಲೊಂದು ಅರಿಶಿನದ ಕೊಂಬು, ಒಂದು ವೀಳ್ಯದೆಲೆ ಇಟ್ಟರು. ಮಣೆ ನೋಡಬೇಕೆಂದರು. ಬೆಡ್‌ಶೀಟು ಸರಿಸಿ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, "ಹಲಸು ಕಣಪ್ಪ, ಗೆದ್ಲು ಮುಟ್ಟಲ್ಲ" ಎಂದರು.

ರಸ್ತೆ ತುಂಬ ಟ್ರ್ಯಾಕ್ಟರು, ಟೆಂಪೊ, ಎತ್ತಿನಗಾಡಿ. ಶಿವರಾತ್ರಿ ಕಳೆದು ಕಪ್ಪಡಿ ಜಾತ್ರೆ ನಡೆಯುತ್ತಿತ್ತು. ಕಾವೇರಿ ದಡದ ಕಪ್ಪಡಿಯಲ್ಲಿ ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದುಗೆ, ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ. ಶಿವರಾತ್ರಿಗೆ ಶುರುವಾದ ಜಾತ್ರೆ ಯುಗಾದಿಯವರೆಗೂ ಎಳೆಯುತ್ತದೆ. ಒಂದೇ ದಿನದಲ್ಲಿ ತೇರೆಳೆದು ಮುಗಿಸುವ ಜಾತ್ರೆಯಲ್ಲ, ಜನ ಸಂಸಾರ ಸಮೇತ ಬಂದು ಬಿಡಾರ ಹೂಡಿ ಅಡುಗೆ ಮಾಡಿಕೊಂಡು ಇರುತ್ತಾರೆ. ಅಲ್ಲಿ ಇಳಿದರೆ ಸಂಜೆಯವರೆಗೆ ಏಳುವುದಿಲ್ಲವೆಂದು ಗೊತ್ತಿದ್ದರಿಂದ ಕೈಮುಗಿದು ಮುಂದೆ ಹೋದೆವು.

ಚುಂಚನಕಟ್ಟೆಯಲ್ಲಿ ಮಾತ್ರ ಇಳಿಯಲೇಬೇಕಾಯಿತು. ಜನವರಿಯ ದನಗಳ ಜಾತ್ರೆ ಮುಗಿದು ಹೊಲಗಳಲ್ಲಿ ಗೂಟದ ಗುಂಡಿಗಳು ಇನ್ನೂ ಮುಚ್ಚಿರಲಿಲ್ಲ. ಮಳೆಗಾಲದಲ್ಲಿ ಕಾವೇರಿ ಇಲ್ಲಿ ಎರಡು ಕವಲಾಗಿ ಸುಮಾರು 60 ಅಡಿ ಕೆಳಗೆ ಧುಮುಕುತ್ತಾಳೆ. ಈಗ ಕರೀ ಬಂಡೆಗಳ ನಡುವೆ ಸಣ್ಣ ಸೀಳು. ಚುಂಚ, ಚುಂಚಿ ಎಂಬ ಬೇಡ ದಂಪತಿಯ ಹೆಸರಿನ ಊರು ಇದು. ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣರು ಇವರ ಅತಿಥಿಗಳಾಗಿದ್ದರಂತೆ. ಸೀತೆಯ ಸ್ನಾನಕ್ಕೆ ನೀರು ಬೇಕಾಗಿ ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟಾಗ ಒಂದು ಕಡೆ ಎಣ್ಣೆ, ಒಂದು ಕಡೆ ಅರಿಶಿನ, ಇನ್ನೊಂದು ಕಡೆ ಸೀಗೆಯ ನೀರು ಬಂತೆಂದು ಸ್ಥಳಪುರಾಣ. ಮದುವೆಯ ಹಿಂದಿನ ದಿನ ಕೇಳಲು ಇದಕ್ಕಿಂತ ಒಳ್ಳೆಯ ಪುರಾಣ ಎಲ್ಲಿ ಸಿಗುತ್ತದೆ? ಎಣ್ಣೆ, ಅರಿಶಿನ, ಸೀಗೆ ಎಂದರೆ ಮದುವಣಗಿತ್ತಿಗೆ ಇವತ್ತಿಗೂ ಮಾಡುವ ಮಂಗಳಸ್ನಾನದ ಪೂರ್ತಿ ಸಾಮಾನು.

ಮೇಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ನಿಂತಿರುವುದು ರಾಮನ ಬಲಕ್ಕೆ. ಬೇರೆ ಹಲವು ಕಡೆ ಎಡಕ್ಕಿರುತ್ತಾಳೆ. ಹೊಳೆ ಎಷ್ಟೇ ಭೋರ್ಗರೆದರೂ ಗರ್ಭಗುಡಿಯಲ್ಲಿ ಸದ್ದು ಕೇಳಿಸುವುದಿಲ್ಲ ಎಂಬುದು ಇಲ್ಲಿನ ಇನ್ನೊಂದು ನಂಬಿಕೆ. ಹೊಳೆಯಲ್ಲಿ ನೀರೇ ಇಲ್ಲದ ದಿನ ಅದನ್ನು ಪರೀಕ್ಷಿಸುವುದು ನ್ಯಾಯವಲ್ಲವಾದ್ದರಿಂದ ಸುಮ್ಮನಾದೆ. ಹೆಂಡತಿಗೆ ಎಡಬಲದ ಪ್ರಶ್ನೆ ಹಿಡಿಯಿತು. ಮಣೆಗಳೆರಡೂ ಒಂದೇ ಅಳತೆಯವು, ಆದರೆ ಒಂದರಲ್ಲಿ ಗಂಟಿನ ಸುತ್ತ ಎಳೆಗಳು ಸುಳಿ ತಿರುಗಿದ್ದವು. ನೋಡಲು ಚೆಂದ. ಅದು ಹೆಣ್ಣಿಗೋ ಗಂಡಿಗೋ, ಬಲಕ್ಕೋ ಎಡಕ್ಕೋ? ಧಾರೆಯವರೆಗೆ ಹೆಣ್ಣು ಬಲಕ್ಕೆ, ಆಮೇಲೆ ಎಡಕ್ಕೆ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. "ಹಾಗಾದ್ರೆ ಮಣೆಯೂ ಎದ್ದು ಹೋಗುತ್ತಾ, ಹುಡುಗಿ ಒಬ್ಬಳೇನಾ?" ಉತ್ತರವಿಲ್ಲದೆ ಬೆಟ್ಟದಪುರದ ರಸ್ತೆ ಹಿಡಿದೆವು.

ಬೆಟ್ಟದಪುರದ ಬೆಟ್ಟ ದೂರದಿಂದಲೇ ಕಾಣುತ್ತದೆ. ಮೂರು ಸಾವಿರಕ್ಕೂ ಮಿಕ್ಕ ಮೆಟ್ಟಿಲು, ಮೇಲೆ ಸಿಡಿಲು ಮಲ್ಲಿಕಾರ್ಜುನ. ಸಿಡಿಲು ಬಂದು ಲಿಂಗವನ್ನು ತಾಕಿ ಹೋಗುತ್ತದೆಂದು ಹೇಳುತ್ತಾರೆ. ಬಿಸಿಲಿನಲ್ಲಿ ಹತ್ತುವ ಉಮೇದು ಇಬ್ಬರಿಗೂ ಇರಲಿಲ್ಲ. ಬೆಟ್ಟ ಇಳಿಯುವವರಿಗೆ ಎಳನೀರು ಮಾರುವಾಕೆಯ ಬಳಿ ಹತ್ತದವರೂ ಕುಡಿದೆವು.

ಇಲ್ಲಿಂದ ಪಿರಿಯಾಪಟ್ಟಣದ ಕಡೆ ಹೋದಂತೆ ಹಸಿರು ಬಣ್ಣ ಬದಲಾಗುತ್ತದೆ. ಗದ್ದೆ ಹಿಂದಾಯಿತು, ಕೆಂಪು ಮಣ್ಣಿನ ಏರಿಳಿತದ ಹೊಲ, ಹೊಲದ ಮೂಲೆಯಲ್ಲಿ ಕಿಟಕಿಯಿಲ್ಲದ ಎತ್ತರದ ಗೋಡೆಯ ಬ್ಯಾರನ್ನುಗಳು. ಹೊಗೆಸೊಪ್ಪು ಹದ ಮಾಡುವ ಗೂಡು ಅದು. ಮೇ ತಿಂಗಳಿನಲ್ಲಿ ಸಸಿ ನೆಟ್ಟು, ಜುಲೈಯಿಂದ ಎಲೆ ಮುರಿದು, ಕೋಲಿಗೆ ಪೋಣಿಸಿ, ಬ್ಯಾರನ್ನಿನೊಳಗೆ ಸಾಲಾಗಿ ನೇತುಹಾಕಿ, ಕೆಳಗೆ ಕೊಳವೆಯಲ್ಲಿ ಬಿಸಿಗಾಳಿ ಬಿಟ್ಟು ಹಗಲೂ ರಾತ್ರಿ ಉರಿ ಕಾಯಬೇಕು. ಉರಿ ಒಂದಿಷ್ಟು ಹೆಚ್ಚುಕಡಿಮೆಯಾದರೆ ನಿಂಬೆ ಬಣ್ಣಕ್ಕೆ ಬರಬೇಕಾದ ಎಲೆ ಕಂದಾಗಿ ಹರಾಜಿನಲ್ಲಿ ಬೆಲೆ ಬೀಳುತ್ತದೆ. ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ, ಕರ್ನಾಟಕದಲ್ಲಿ ಅದರ ಹರಾಜು ಶುರುವಾಗಿದ್ದು 1984ರಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಸೀಮೆಯಲ್ಲಿ ಮದುವೆಯ ದಿನಾಂಕ ಗೊತ್ತುಮಾಡುವಾಗ ಪಂಚಾಂಗದ ಜೊತೆ ಹರಾಜಿನ ಲೆಕ್ಕವನ್ನೂ ನೋಡುತ್ತಾರೆ. ನಮ್ಮ ಗೆಳೆಯನ ಮನೆಯೂ ಇದಕ್ಕೆ ಹೊರತಲ್ಲ. ಚಿನ್ನ, ಛತ್ರ, ಅಡುಗೆಯವರ ಮುಂಗಡ ಎಲ್ಲ ಆ ವರ್ಷದ ಸೊಪ್ಪಿನ ದುಡ್ಡು. ಸಿಗರೇಟು ಮುಟ್ಟದ ಅವನಪ್ಪ ಸಿಗರೇಟಿನ ಎಲೆ ಬೆಳೆದು ಮಗನನ್ನು ಎಂಜಿನಿಯರ್ ಮಾಡಿದ್ದಾರೆ. ಬಿಡಬೇಕೆಂದು ಹೇಳುವವರಿದ್ದಾರೆ, ನಾನೂ ಹೇಳುವವನೇ. ಮಳೆ ನಂಬಿದ ಇಂಥ ಮಣ್ಣಿನಲ್ಲಿ ಖಾತರಿಯ ಹರಾಜು ಇರುವ ಬೇರೆ ಬೆಳೆ ತೋರಿಸು ಎಂದು ಅವರು ಕೇಳಿದರೆ ಶುಂಠಿ ಎನ್ನಬೇಕು. ಶುಂಠಿಯ ಬೆಲೆ ಒಂದು ವರ್ಷ ಕಾರು ಕೊಡಿಸಿದರೆ ಮರುವರ್ಷ ಅದೇ ಕಾರು ಮಾರಿಸುತ್ತದೆ.

ಪಿರಿಯಾಪಟ್ಟಣ ಹಿಂದೆ ಸಿಂಗಪಟ್ಟಣ. ಚಂಗಾಳ್ವ ದೊರೆ ಪಿರಿಯರಾಜ ಊರನ್ನು ಹೊಸದಾಗಿ ಕಟ್ಟಿ ತನ್ನ ಹೆಸರಿಟ್ಟ. ಊರಿನ ಹಳೆಯ ಕೋಟೆಯ ಉಳಿದ ಗೋಡೆ, ಮುಚ್ಚಿಹೋದ ಕಂದಕ ನೋಡಲು ಅರ್ಧ ಗಂಟೆ ಸಾಕು. ಊರಮ್ಮ ಮಸಣಿಕಮ್ಮನಿಗೆ ಕೈಮುಗಿಯುವುದೂ ಅದರಲ್ಲೇ ಆಗುತ್ತದೆ. ಬಸ್ ನಿಲ್ದಾಣದ ಹತ್ತಿರ ಬೈಲಕುಪ್ಪೆಯಿಂದ ಬಂದ ಕೆಂಪು ನಿಲುವಂಗಿಯ ಟಿಬೆಟ್ ಸನ್ಯಾಸಿಗಳಿಬ್ಬರು ಕಬ್ಬಿನ ಹಾಲು ಕುಡಿಯುತ್ತ ಅಂಗಡಿಯವನ ಜೊತೆ ಅಚ್ಚ ಪಿರಿಯಾಪಟ್ಟಣದ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು. ಆ ಜನ 1961ರಲ್ಲಿ ಬಂದು ನೆಲೆಸಿದವರು, ಈಗಿನ ಹುಡುಗರಿಗೆ ಇದೇ ಹುಟ್ಟೂರು. ಚಂಗಾಳ್ವರ ಸೀಮೆಯವನೇ ಮೂರನೆಯ ಮಂಗರಸ ಎಂಬ ಜೈನ ಕವಿ. 16ನೇ ಶತಮಾನದ ಆರಂಭದವನು, 'ಸೂಪಶಾಸ್ತ್ರ' ಎಂಬ ಅಡುಗೆಯ ಪುಸ್ತಕವನ್ನು ಷಟ್ಪದಿಯಲ್ಲಿ ಬರೆದಿಟ್ಟಿದ್ದಾನೆ. ಬದನೆ, ಬಾಳೆ, ಹಲಸು ಎಂದು ತರಕಾರಿ ಹಿಡಿದು ಬಗೆಬಗೆಯ ಪಾಕ ಹೇಳುತ್ತಾನೆ. ಮದುವೆಯೂಟದ ಮೆನು ಮುದ್ರಿಸುವವರು ಅವನಿಗೊಂದು ನಮಸ್ಕಾರ ಹಾಕಬಹುದು. ಪನ್ನೀರ್ ಮಂಚೂರಿಯ ಪಕ್ಕದಲ್ಲಿ ಅವನ ಬದನೆಕಾಯಿಗೂ ಎಲೆಯಲ್ಲಿ ಜಾಗ ಇರುತ್ತಿತ್ತು.

ಕಂಪಲಾಪುರ ದಾಟಿ ಹುಣಸೂರಿಗೆ ಬಂದಾಗ ಊಟದ ಹೊತ್ತು. ಲಕ್ಷ್ಮಣತೀರ್ಥದ ದಂಡೆಯ ಈ ಊರಿಗೂ ಮರಕ್ಕೂ ಹಳೆಯ ನಂಟು. ನಾಗರಹೊಳೆ, ಕಾಕನಕೋಟೆ ಕಾಡಿನ ಮರ ಇಳಿದು ಬರುತ್ತಿದ್ದದ್ದು ಇಲ್ಲಿಗೆ. ಬ್ರಿಟಿಷರು ತಮ್ಮ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿಗಳನ್ನು ಇಲ್ಲೇ ಮಾಡಿಸುತ್ತಿದ್ದರು, ಅಮೃತಮಹಲ್ ದನಗಳ ಠಾಣ್ಯವೂ ಇತ್ತು. ಕಾರ್ಖಾನೆ 19ನೇ ಶತಮಾನದಲ್ಲೇ ಮುಚ್ಚಿತು. ಕೈಕೆಲಸ ಮುಚ್ಚಲಿಲ್ಲ. ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿದರೆ ಗರಗಸದ ಸದ್ದು, ಹಸಿ ಹೊಟ್ಟಿನ ವಾಸನೆ.

ಪಾಲಿಶ್ ತಗಾದೆ ಬಗೆಹರಿಸಲು ಒಬ್ಬ ಹಿರಿಯ ಬಡಗಿಯ ಮುಂದೆ ಮಣೆ ಬಿಚ್ಚಿದೆವು. ಅವರು ನನ್ನನ್ನು ನೋಡಿ, "ಎಲ್ಲಿ ಮಾಡಿಸಿದ್ರಿ ಸ್ವಾಮಿ?" ಎಂದರು. ಹೆಂಡತಿ, "ನಾನೇ ಮಾಡಿದ್ದು" ಎಂದಳು. ಅವರು ಮತ್ತೆ ನನ್ನನ್ನು ನೋಡಿದರು. ನಾನು ಅವಳನ್ನು ತೋರಿಸಿದೆ. ಆಮೇಲೆ ಮಾತೆಲ್ಲ ಅವರಿಬ್ಬರದೇ. ಕನ್ನಡಕ ಹಣೆಗೇರಿಸಿ ಮಣೆಯನ್ನು ಲಂಬವಾಗಿ ನಿಲ್ಲಿಸಿ ತುದಿಯ ಉಂಗುರಗಳನ್ನು ನೋಡಿದರು. "ತಿರುಳಿನ ಮಗ್ಗುಲು ಮೇಲಕ್ಕಿಟ್ಟಿದ್ದೀಯ. ಯಾರು ಹೇಳ್ಕೊಟ್ರು?" ಯೂಟ್ಯೂಬ್ ಎಂದಳು. ಹಲಗೆ ಒಣಗುತ್ತ ಬಾಗುವುದು ತೊಗಟೆಯ ಕಡೆಗೆ, ತಿರುಳು ಮೇಲಿದ್ದರೆ ನಡುವೆ ತಗ್ಗು ಬೀಳುವುದಿಲ್ಲ, ಧಾರೆಯ ಹಾಲು ನಿಲ್ಲುವುದಿಲ್ಲ ಎಂದು ನನಗಾಗಿ ಬಿಡಿಸಿ ಹೇಳಿದರು. ಕಚ್ಚಿನೊಳಗೆ ಉಗುರು ತೂರಿಸಲು ನೋಡಿದರು, ಹೋಗಲಿಲ್ಲ. ಒಂದು ಮೂಲೆ ಚೂಪಾಗಿತ್ತು. ಅದಕ್ಕೆ ಉಪ್ಪುಕಾಗದ ತೆಗೆದುಕೊಂಡು ತಾವೇ ಉಜ್ಜಿ, ಅಂಗೈ ಮೇಲಿನಿಂದ ಕೆಳಕ್ಕೆ ಸವರಿ, "ರೇಸ್ಮೆ ಸೀರೆ ಸಿಕ್ಕಾಕ್ಕಂಡ್ರೆ ನಿನ್ನೇ ಬೈಯ್ಯೋದು" ಎಂದರು. ಪಾಲಿಶ್ ಮಾತ್ರ ಬೇಡವೇ ಬೇಡ. ರೇಷ್ಮೆಗೆ ಜಾರುತ್ತದೆ, ಹೆಣ್ಣುಗಂಡು ಇಬ್ಬರೂ ಮುಂದಕ್ಕೆ ಜರುಗಿ ಪುರೋಹಿತರ ಮಡಿಲಿಗೆ ಹೋಗುತ್ತಾರೆ. ಅಗಸೆ ಎಣ್ಣೆ ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಒರೆಸಿ ಬಿಟ್ಟರೆ ಸಾಕು, ಅರಿಶಿನದ ಕೈ ಬಿದ್ದಷ್ಟೂ ಬಣ್ಣ ಕೂಡುತ್ತದೆ. ಎಣ್ಣೆಗೆ ದುಡ್ಡು ತೆಗೆದುಕೊಂಡರು. ಉಜ್ಜಿದ್ದಕ್ಕೆ ಕೊಡಹೋದರೆ, "ಮದ್ವೆ ಮಣೆಗೆ ಕೂಲಿ ಈಸ್ಕಳಕಾಯ್ತದಾ?" ಎಂದು ಕೈ ಹಿಂದಕ್ಕೆಳೆದುಕೊಂಡರು.

ಇದೇ ತಾಲ್ಲೂಕಿನ ಕಲ್ಲಹಳ್ಳಿ ದೇವರಾಜ ಅರಸರ ಊರು. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕಾನೂನಿನ ಬಲ ಕೊಟ್ಟ 1974ರ ಭೂಸುಧಾರಣೆ ಅವರ ಕಾಲದ್ದು. ಗೆಳೆಯನ ತಾತ ಗೇಣಿದಾರರಾಗಿದ್ದರು. ಈಗ ಸೊಪ್ಪು ಬೆಳೆಯುವ ಆ ಹೊಲದ ಪತ್ರ ಅವರ ಹೆಸರಿಗೆ ಬಂದದ್ದು ಆಗಲೇ. ಅವರ ಮನೆಯ ಹಾಲಿನಲ್ಲಿ ದೇವರ ಪಟಗಳ ಸಾಲಿನಲ್ಲಿ ಅರಸರ ಫೋಟೊ ಇದೆ, ಅದಕ್ಕೂ ಹೂ ಮುಡಿಸುತ್ತಾರೆ.

ಹುಣಸೂರಿನಿಂದ ಕೋಟೆಯ ಕಡೆಗೆ ಹೋದಂತೆ ಬಲಗಡೆಯ ದಿಗಂತದಲ್ಲಿ ಕಾಡಿನ ಅಂಚು ಮೂಡುತ್ತದೆ. ದಸರಾ ಆನೆಗಳು ಮೈಸೂರಿಗೆ ಹೊರಡುವ ವೀರನಹೊಸಹಳ್ಳಿ ಆ ಕಡೆಗೇ. ಕಾಡಂಚಿನ ಕೆಲವು ಕಡೆ ಹಳೆಯ ರೈಲು ಹಳಿಗಳನ್ನು ನೆಟ್ಟು ಬೇಲಿ ಮಾಡಿದ್ದಾರೆ. ಕೆ.ಆರ್. ನಗರದಲ್ಲಿ ಹಳಿ ನಿಜವಾದ ರೈಲಿಗೆ, ಇಲ್ಲಿ ಆನೆ ತಡೆಯಲು. ಕೋಟೆ ಸೀಮೆಯಲ್ಲಿ ಕಬಿನಿ, ನುಗು, ತಾರಕ ಎಂದು ಅಣೆಕಟ್ಟುಗಳಿಗೆ ಬರವಿಲ್ಲ. 1974ರಲ್ಲಿ ಕಬಿನಿ ಕಟ್ಟೆ ಮುಗಿದಾಗ ಹಳ್ಳಿಗಳೂ ಮುಳುಗಿದವು, ಕಾಡಾನೆ ಹಿಡಿಯುವ ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ನೆಲವೂ ನೀರಿನಡಿ ಹೋಯಿತು. ಕೊನೆಯ ಖೆಡ್ಡಾ 1971ರದು. ಮಾಸ್ತಿಯವರ 'ಕಾಕನಕೋಟೆ' ನಾಟಕ ನೋಡಿದವರಿಗೆ ಕುರುಬರ ಹೆಸರಿಲ್ಲದೆ ಈ ಕಾಡು ನೆನಪಾಗುವುದಿಲ್ಲ. ಅವರ ಹಾಡಿಗಳು ಈಗ ಕಾಡಿನ ಒಳಗೂ ಹೊರಗೂ ಚೆದುರಿವೆ.

ಸಂಜೆ ಕೋಟೆ ಸೇರಿದಾಗ ಛತ್ರದ ಹಿಂಬಾಗಿಲಲ್ಲಿ ಬೆಟ್ಟಕುರುಬ ಹಾಡಿಯ ಹಿರಿಯರೊಬ್ಬರು ಬಿದಿರಿನ ಮೊರ, ಬುಟ್ಟಿ ಇಳಿಸುತ್ತಿದ್ದರು. ಶಾಸ್ತ್ರಕ್ಕೆ ಪ್ಲಾಸ್ಟಿಕ್ಕು ನಡೆಯದು. ನಮ್ಮ ಮಣೆ ಕಂಡು ಮೂಟೆಯ ಮೇಲೆ ಕೂತು ನೋಡಿದರು. ಅವರು ಬಿದಿರು ಸೀಳಿದ ದಬ್ಬೆಯ ಅಂಚು ಹೆಂಡತಿಯ ಕೈಗೆ ಕೊಟ್ಟರು, ಅವಳು ಮಣೆಯ ಅಂಚು ಅವರ ಕೈಗೆ. ಇಬ್ಬರೂ ಬೆರಳಾಡಿಸಿ ನೋಡಿದರು. ಹೆಚ್ಚು ಮಾತೇನೂ ಆಗಲಿಲ್ಲ. ಅವಳು ಒಂದು ಮೊರ ಕೊಂಡಳು, ಚೌಕಾಸಿ ಮಾಡಲಿಲ್ಲ. ನಾನು ತರಕಾರಿ ಕೊಂಡರೂ ಚೌಕಾಸಿ ಮಾಡಿಲ್ಲವೆಂದು ಬೈಯುವ ಹೆಂಗಸು ಅವಳು.

ರಾತ್ರಿ ಹೆಣ್ಣುಮಕ್ಕಳು ಸೇರಿ ಮಣೆಯ ಮೇಲ್ಮೈಗೆ ಸುಣ್ಣ, ಕೆಮ್ಮಣ್ಣಿನಲ್ಲಿ ಹಸೆ ಬರೆದರು. ಬೆಳಿಗ್ಗೆ ಸುಳಿಯಿದ್ದ ಮಣೆಯನ್ನು ಗೆಳೆಯನ ಅಜ್ಜಿ ಒಂದು ಮಾತಿಲ್ಲದೆ ಹೆಣ್ಣಿನ ಕಡೆ ಹಾಕಿಸಿದರು. ಹಾಲುಧಾರೆ ಶುರುವಾಯಿತು. ಈ ಕಡೆಯ ಮದುವೆಗಳಲ್ಲಿ ಧಾರೆ ಎರೆಯುವುದು ಅಪ್ಪ ಅಮ್ಮ ಮಾತ್ರ ಅಲ್ಲ, ಬಂದವರೆಲ್ಲ ಸಾಲಾಗಿ ನಿಂತು ಹೆಣ್ಣುಗಂಡಿನ ಕೈಗೆ, ಕೈಯೊಳಗಿನ ತೆಂಗಿನಕಾಯಿಗೆ ಹಾಲು ಬಿಡುತ್ತಾರೆ. ಒಂದು ಗಂಟೆ ಹಾಲು ಸುರಿಯಿತು. ಹಸೆ ಕರಗಿ ಬಿಳಿ, ಕೆಂಪು, ಅರಿಶಿನ ಕಲೆಸಿ ಮಣೆಯ ಅಂಚಿನಿಂದ ಇಳಿಯಿತು, ನಡುವೆ ನಿಲ್ಲಲಿಲ್ಲ. ಧಾರೆ ಮುಗಿದು ಹೆಣ್ಣು ಎಡಕ್ಕೆ ಬಂದಳು. ಅಜ್ಜಿ ಮಣೆಯನ್ನೂ ಅವಳ ಹಿಂದೆಯೇ ಎಳೆಸಿದರು. ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು.

ಇನ್ನು ಮುಯ್ಯಿ. ಮೇಜಿನ ಮುಂದೆ ನಿಂತಾಗ ಬರೆಯುವವರು ಪೆನ್ನು ಎತ್ತಿ, "ಮೈಸೂರಿನವರು... ಮಣೆ ತಂದೋರು ನೀವೇ ಅಲ್ವಾ? ಎಷ್ಟು ಅಂತ ಬರೀಲಿ?" ಎಂದರು. ಬರೆಯಬೇಡಿ ಎಂದೆವು. ಅದಾಗದು. ಬರೆಯದಿದ್ದರೆ ನಾಳೆ ಗೆಳೆಯನ ಮನೆಯವರು ನಮ್ಮ ಮನೆಗೆ ಏನು ಹಾಕಬೇಕು? ಎಣಿಸುವವನು, ಪಕ್ಕದಲ್ಲಿ ನಿಂತವರು, ಸೋದರಮಾವ, ಎಲ್ಲರೂ ಸೇರಿಕೊಂಡರು. ಮರದ ಬೆಲೆ ಹಾಕೋಣ ಎಂದ ಒಬ್ಬ. ಕೂಲಿಯೂ ಸೇರಬೇಕಲ್ಲ ಎಂದ ಇನ್ನೊಬ್ಬ. ಅಕ್ಕಿ ಮೂಟೆಯೂ ಇವರ ಕಾರಿನಲ್ಲೇ ಬಂತು, ಪೆಟ್ರೋಲ್ ಖರ್ಚು ಎಂದ ಮತ್ತೊಬ್ಬ. ಕೊನೆಗೆ ಬರೆಯುವವರೇ ದಾರಿ ಹುಡುಕಿದರು. ಹೆಸರಿನ ಮುಂದೆ "ಹಸೆಮಣೆ ಜೊತೆ, ಸ್ವಂತ ಕೈಕೆಲಸ" ಎಂದು ಬರೆದು, ಮೊತ್ತದ ಕಾಲಮ್ಮಿಗೆ 101 ರೂಪಾಯಿ ಕೇಳಿ ಈಸಿಕೊಂಡರು. "ಇದು ಲೆಕ್ಕಕ್ಕೆ, ಅದು ನಿಮಗೆ ಅವರಿಗೆ ಬಿಟ್ಟಿದ್ದು" ಎಂದು ತೆಂಗಿನಕಾಯಿ, ಎಲೆಯಡಿಕೆಯ ಚೀಲ ಕೊಟ್ಟರು.

ಊಟದ ಸಾಲಿನಲ್ಲಿ ಗೆಳೆಯನ ತಾಯಿ ಬಂದು ಬೀಗರೂಟಕ್ಕೆ ಹೇಳಿದರು. ಮರಿ ಕೊಯ್ಯುವುದು ಬುಧವಾರ, ತಪ್ಪಿಸಬಾರದು. "ಈ ಸಲ ಕೆ.ಆರ್. ನಗರ ಸುತ್ತಬ್ಯಾಡಿ, ಹಂಪಾಪುರದ ಮೇಲೆ ಬನ್ನಿ. ತರೋದೇನೂ ಬ್ಯಾಡ, ಹೊಟ್ಟೆ ಖಾಲಿ ಇಟ್ಕಂಡ್ ಬನ್ನಿ."